ಆರಿ ನೀರಾದ ಚಹಾ

ನನ್ನ ಬಾಯಿ ಜೋರು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನಾನೇನು ಮುಚ್ಚಿಡುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಚಹಾ ಆರಿದ ಮೇಲೇ ಒಳಗೆ ಬರುವ ಗಂಡನ ಜೊತೆ ಸಂಸಾರ ಮಾಡಿದರೆ ಯಾರ ಬಾಯಿಯಾದರೂ ಜೋರಾಗುತ್ತದೆ.

ನಮ್ಮನೆಯವರು ಶಂಭುಲಿಂಗ. ಮೆಣಸಿನಕಾಯಿ ಪೇಟೆಯ ಹತ್ತಿರ ಗೋಣಿಚೀಲ, ಅವನ್ನು ಹೊಲಿಯುವ ಸುತಳಿಯ ಅಂಗಡಿ; ಅಂಗಡಿಯ ಹಿಂದೆಯೇ ಮನೆ. ಬೆಳಿಗ್ಗೆ ಬಾಗಿಲು ತೆಗೆದು, ಕಟ್ಟೆ ಗುಡಿಸಿ, ಹೋಗಿಬರುವವರನ್ನೆಲ್ಲ ಮಾತಾಡಿಸುವುದು ಅವರ ಪದ್ಧತಿ. ಮೊದಲು ಎದುರಿನ ಪಂಕ್ಚರ್ ಅಂಗಡಿಯ ಮಹಮ್ಮದಗೌಸ. “ಶರಣ್ರಿ ಗೌಸಣ್ಣ, ಚಾ ಆತೇನ್ರಿ?” ಎಂದು ಶುರು ಹಚ್ಚಿಕೊಂಡರೆ ಮುಗಿಯಿತು, ಮನೆಯ ನೆನಪೇ ಇರುವುದಿಲ್ಲ.

ನಾನು ಒಳಗಿನಿಂದ ಒದರುತ್ತಿದ್ದೆ: “ಚಾ ಆರಿ ನೀರಾತು! ಬರ್ತೀರೋ, ಎಮ್ಮಿ ಬಾನಿಗೆ ಸುರೀಲೋ?”

ಅವರ ಉತ್ತರವೂ ಖಾಯಂ: “ಬಂದೆ ಬಂದೆ, ಸಕ್ರಿ ನಿನ್ನ ಬಾಯಾಗ ಹಾಕ್ಕೊ!”

ಗೌಸಣ್ಣ ಹೊರಗೆ ನಗುತ್ತಿದ್ದ. ನಾನು ಸೆರಗು ಬಾಯಿಗೊತ್ತಿಕೊಂಡು ಒಳಗೆ ನಗುತ್ತಿದ್ದೆ.

ಎರಡು ಸಾವಿರದ ಆರರ ದೀಪಾವಳಿ ಮುಗಿದ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಹಾವೇರಿ ದವಾಖಾನೆಯಲ್ಲಿ ಜೀವ ಉಳಿಯಿತು; ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. “ಮಾತು ಬಂದರೆ ಬರಬಹುದು, ಹೇಳಲಾಗದು. ಮನಸ್ಸಿಗೆ ತ್ರಾಸು ಕೊಡಬೇಡಿ, ಮೆತ್ತಗೆ ಮಾತಾಡಿಸಿ” ಎಂದರು ಡಾಕ್ಟರು.

ಮೆತ್ತಗೆ ಅಂದರೆ ಎಷ್ಟು ಮೆತ್ತಗಾದೆ ನಾನು! “ಸ್ವಲ್ಪ ಗಂಜಿ ಕುಡೀತೀರೇನ್ರಿ?” ಎಂದು ಪಿಸುದನಿಯಲ್ಲಿ ಕೇಳುತ್ತಿದ್ದೆ. ಅವರು ಬೀಗರ ಮನೆಗೆ ಬಂದವರ ಹಾಗೆ ಸಂಕೋಚದಿಂದ ನನ್ನ ಮುಖ ನೋಡುತ್ತಿದ್ದರು. ರಾಣೆಬೆನ್ನೂರಿನಲ್ಲಿ ಕಾಲೇಜು ಓದುತ್ತಿದ್ದ ಮಗಳು ಸುಧಾರಾಣಿ ರಜೆ ಹಾಕಿ ಬಂದು, ಲೋಟ ಹಿಡಿದು ಕಲಿಸಲು ಕೂತಳು: “ಅಪ್ಪಾ, ನೀರು ಅನ್ರಿ. ನೀ... ರು.” ಅವರ ತುಟಿ ನಡುಗಿತು, ಕಣ್ಣು ತುಂಬಿತು, ಶಬ್ದ ಮಾತ್ರ ಬರಲಿಲ್ಲ. ನಾನು ಹಿತ್ತಲಿಗೆ ಹೋಗಿ ಎಮ್ಮೆಯ ಪಕ್ಕ ನಿಂತು ಅತ್ತೆ. ಈ ಮನುಷ್ಯನ ದನಿ ಇನ್ನು ಕೇಳುವುದೇ ಇಲ್ಲವೇನೋ ಎಂದು ಎದೆ ಒಡೆದುಹೋಗುತ್ತಿತ್ತು.

ಗೌಸಣ್ಣ ಮಾತ್ರ ಪದ್ಧತಿ ಬಿಡಲಿಲ್ಲ. ಬೆಳಗಾದರೆ ಬಂದು, ಅವರನ್ನು ಕೈಹಿಡಿದು ಕಟ್ಟೆಯ ಮೇಲೆ ಕೂರಿಸಿ, “ಶರಣ್ರಿ ಶಂಭಣ್ಣ, ಚಾ ಆತೇನ್ರಿ?” ಎಂದು ಈಗ ಅವನೇ ಮೊದಲು ಕೇಳುತ್ತಿದ್ದ. ಇವರು ಎಡಗೈ ಎತ್ತುತ್ತಿದ್ದರು. ಅವನು ಪೇಟೆಯ ಸುದ್ದಿಯೆಲ್ಲ ಹೇಳಿ, ಒಳಗೆ ಕರೆತಂದು ಬಿಡುತ್ತಿದ್ದ.

ಮೆಣಸಿನಕಾಯಿ ಸುಗ್ಗಿ ಬಂತು. ಒಂದು ಬೆಳಿಗ್ಗೆ ಘಾಟಿಗೆ ಸೀನಿ ಸೀನಿ ನನಗೆ ಸಾಕಾಗಿತ್ತು. ಒಲೆಯ ಮೇಲೆ ಹಾಲು ಉಕ್ಕಿತು. ಸೋಸಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು, ಹೊರಗೆ ಗೌಸಣ್ಣನ ಸುದ್ದಿ ಮುಗಿದಿರಲಿಲ್ಲ. ನನಗೆ ಡಾಕ್ಟರ ಮಾತೂ ಮರೆತುಹೋಯಿತು, ಲಕ್ವಾನೂ ಮರೆತುಹೋಯಿತು.

“ಚಾ ಆರಿ ನೀರಾತು! ಬರ್ತೀರೋ, ಎಮ್ಮಿ ಬಾನಿಗೆ ಸುರೀಲೋ?”

“ಅವ್ವಾ, ಒದರಬ್ಯಾಡ!” ಎಂದು, ಮತ್ತೆ ರಜೆಗೆ ಬಂದಿದ್ದ ಸುಧಾ ಓಡಿ ಬಂದಳು. ಅಷ್ಟರಲ್ಲಿ ಕಟ್ಟೆಯಿಂದ ದನಿ ಬಂತು, ನಾಲಿಗೆ ದಪ್ಪ, ಆದರೆ ಪೂರಾ ಮಾತು:

“ಬಂದೆ ಬಂದೆ, ಸಕ್ರಿ ನಿನ್ನ ಬಾಯಾಗ ಹಾಕ್ಕೊ!”

ನಾನು ಹೊರಗೆ ಬಂದಾಗ ಅವರು ಯಾರು ಮಾತಾಡಿದರೆಂದು ಹುಡುಕುವವರ ಹಾಗೆ ಸುತ್ತ ನೋಡುತ್ತಿದ್ದರು. ಗೌಸಣ್ಣ ಎರಡೂ ಕೈ ಮೇಲೆತ್ತಿ ಕೂಗಿದ: “ಬೈರಿ ವೈನಿ, ಇನ್ನೊಮ್ಮೆ ಬೈರಿ!”

ದಿನಾ ಆಡಿ ರೂಢಿಯಾದ ಮಾತು ಒಮ್ಮೊಮ್ಮೆ ಹೀಗೆ ತಾನಾಗಿ ಹೊರಬೀಳುತ್ತದಂತೆ, ಡಾಕ್ಟರು ಹೇಳಿದರು. ಹೊಸ ಮಾತು ಕಟ್ಟುವುದು ಬೇರೆ, ಅದು ಕಷ್ಟ ಎಂದೂ ಹೇಳಿದರು. ನನಗೆ ಅಷ್ಟಾದರೂ ಸಾಕಿತ್ತು. ದಿನಾ ಒದರಿದೆ, ದಿನಾ ಉತ್ತರ ಬಂತು. ಆಮೇಲೆ “ಶರಣ್ರಿ” ಬಂತು, ಗೌಸಣ್ಣನ ಹೆಸರು ಬಂತು. ಸುತಳಿಗೆ ಮಾತ್ರ “ಸಕ್ರಿ” ಎನ್ನುತ್ತಿದ್ದರು. ಗಿರಾಕಿಗಳು ತಾವೇ ತಿಳಿದುಕೊಂಡು ಸುತಳಿ ಒಯ್ಯುತ್ತಿದ್ದರು. ದೇವರಿಗೆ ಕಾಯಿ ಒಡೆಸಿದೆ. ಖರೇ ಹೇಳಬೇಕೆಂದರೆ, ದಿನಾ ತಪ್ಪದೆ ಆರಿದ ಆ ಚಹಾಕ್ಕೂ, ತಪ್ಪದೆ ಬಂದ ಗೌಸಣ್ಣನಿಗೂ ಒಂದೊಂದು ಕಾಯಿ ಒಡೆಸಬೇಕಿತ್ತು.

ಸುಗ್ಗಿ ಮುಗಿಯುವ ಹೊತ್ತಿಗೆ ಘಾಟು ಹತ್ತಿ ನನ್ನ ಗಂಟಲೇ ಕಟ್ಟಿತು. ಆ ಬೆಳಿಗ್ಗೆ ಚಹಾ ಸೋಸಿಟ್ಟು ಸುಮ್ಮನೆ ಕೂತಿದ್ದೆ. ಚಹಾ ಆರಿತು. ಹೊರಗೆ ಮಾತು ನಿಂತಿತು. ಬಹಳ ಹೊತ್ತಾದ ಮೇಲೆ ಕಟ್ಟೆಯಿಂದ ತಡವರಿಸುತ್ತ ದನಿ ಬಂತು:

“ಯಾಕ... ಇವತ್ತ... ಒದರ್ಲಿಲ್ಲ?”

ಅದು ರೂಢಿಯ ಮಾತಲ್ಲ. ಒಂದೊಂದೇ ಶಬ್ದ ಹುಡುಕಿ, ನನಗೋಸ್ಕರ ಕಟ್ಟಿದ ಮಾತು. ಕಣ್ಣೊರೆಸಿಕೊಂಡೆ. ಗಂಟಲು ಹೋದರೆ ಹೋಗಲಿ ಎಂದು ಒದರಿದೆ.