ಫಿಂಟಾಸ್ ದಂಡೆಯಲ್ಲೊಬ್ಬ ಡ್ರೂಯಿಡ್

ಕುವೈತಿನ ಶುಐಬಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದ ಬಸವಂತನಿಗೆ ನಡುವಯಸ್ಸು ದಾಟುತ್ತಿದ್ದಂತೆ ಅಧ್ಯಾತ್ಮದ ಹಸಿವು ಹತ್ತಿತು. ಧ್ಯಾನಕ್ಕೆ ಕೂತರೆ ಗೊರಕೆ ಬರುತ್ತಿತ್ತು, ಉಪವಾಸ ಮಾಡಿದರೆ ಸಿಟ್ಟು. ಕೊನೆಗೆ ಆನ್‌ಲೈನಿನಲ್ಲಿ ಡ್ರೂಯಿಡ್ ಪಂಥ ಸಿಕ್ಕಿತು. ಮರ, ಹಕ್ಕಿ, ನೀರಿನಲ್ಲೇ ದೈವವನ್ನು ಕಾಣುವ ಬ್ರಿಟನ್ನಿನ ಹಳೆಯ ದಾರಿಯಂತೆ ಅದು. ಓಕ್ ಮರದಡಿ ಬಿಳಿ ನಿಲುವಂಗಿ ತೊಟ್ಟು ಸುಮ್ಮನೆ ಕೂಡಬೇಕು, ಆ ನೆಲದ ಪ್ರಾಣಿಯೊಂದು ಗುರುವಾಗಿ ತಾನೇ ಬರುತ್ತದೆ ಎಂದು ಮೊದಲ ಪಾಠ ಹೇಳಿತು.

ಕುವೈತಿನಲ್ಲಿ ಓಕ್ ಎಲ್ಲಿಂದ ತರುವುದು? ಫಿಂಟಾಸಿನ ಅವನ ಮನೆ ಹತ್ತಿರ ಕಡಲ ದಂಡೆಯಲ್ಲೊಂದು ಖರ್ಜೂರದ ಮರವಿತ್ತು. ಅದನ್ನೇ ಓಕ್ ಎಂದುಕೊಂಡ. ನಿಲುವಂಗಿಗೆಂದು ಹಾಸಿಗೆಯ ಬಿಳಿ ಚಾದರ ಎಳೆದ.

“ನಿನ್ನೇನ ಒಗದೀನ್ರೀ ಅದನ್ನ!” ಎಂದಳು ಹೆಂಡತಿ ಶೀತಲ್.

ಶುಕ್ರವಾರ ಬೆಳಿಗ್ಗೆ ಬನಿಯನ್, ಚಡ್ಡಿಯ ಮೇಲೆ ಚಾದರ ಹೊದ್ದು ಮರದಡಿ ಕೂತ. ಗಿಡುಗ ಬಂದೀತು, ಇಲ್ಲವೇ ರಾಜಹಂಸ. ಹಿರಿಯ ಇಂಜಿನಿಯರನ ದರ್ಜೆಗೆ ತಕ್ಕ ಪ್ರಾಣಿ ಬರಬೇಡವೇ? ಬಂದವನು ಮಾತ್ರ ಹಸನಬ್ಬ, ಪಕ್ಕದ ಬೀದಿಯಲ್ಲಿ ದಿನಸಿ ಅಂಗಡಿಯಿಟ್ಟಿದ್ದ ಮಂಗಳೂರಿನವನು. ಕೈಯಲ್ಲಿ ಗಾಳವಿತ್ತು.

“ಎಂತ ಸಾರ್, ಬಿಳಿ ಬಟ್ಟೆ ಸುತ್ತಿ ಮಕ್ಕಾಕ್ಕೆ ಉಮ್ರಾ ಹೊರಟದ್ದಾ?”

“ಇಲ್ಲ ಭಾಯಿ, ಹಿಂಗ... ಗಾಳಿಗೆ ಕುಂತೀನಿ.”

ಮೊದಲ ಪ್ರಶ್ನೆಗೇ ಹೊಸ ಧರ್ಮವನ್ನು ಕೈಬಿಟ್ಟ ತನ್ನ ಧೈರ್ಯಕ್ಕೆ ಬಸವಂತನಿಗೇ ನಗು ಬಂತು.

ಸ್ವಲ್ಪ ಹೊತ್ತಿನಲ್ಲಿ ಹಸನಬ್ಬನ ಗಾಳದ ಮೀನಿಗೆ ಎರಗಿದ ಕಡಲಹಕ್ಕಿಯೊಂದು ದಾರಕ್ಕೆ ಸಿಕ್ಕಿ ಕಲ್ಲುಗಳ ಮೇಲೆ ಬಿತ್ತು. ರೆಕ್ಕೆ ಬಡಿದಷ್ಟೂ ದಾರ ಬಿಗಿಯುತ್ತಿತ್ತು.

“ಅಯ್ಯೋ! ಸಾರ್, ಬಟ್ಟೆ ಹಾಕಿ ಹಿಡಿಯಿರಿ, ಬೇಗ, ಯಲ್ಲಾ ಯಲ್ಲಾ!”

ಬಸವಂತ ಚಾದರ ಕಿತ್ತು ಹಕ್ಕಿಯ ಮೇಲೆಸೆದು ತಬ್ಬಿ ಹಿಡಿದ. ವಾಕಿಂಗ್ ಬಂದಿದ್ದವರು ಚಡ್ಡಿಯಲ್ಲಿದ್ದ ಅವನನ್ನು ನಿಂತು ನೋಡಿದರು. ಹಕ್ಕಿ ಹೆಬ್ಬೆರಳನ್ನು ರಕ್ತ ಬರುವಂತೆ ಕಚ್ಚಿತು. ಅವನು ಬಿಡಲಿಲ್ಲ. ಅದರ ಎದೆ ಅವನ ಅಂಗೈಯಲ್ಲಿ ಡವಡವ ಬಡಿದುಕೊಳ್ಳುತ್ತಿತ್ತು. ಇಷ್ಟು ವರ್ಷ ಈ ಕಡಲ ಪಕ್ಕದಲ್ಲೇ ಇದ್ದೂ ಇಲ್ಲಿಯ ಒಂದು ಜೀವವನ್ನೂ ತಾನು ಮುಟ್ಟಿರಲಿಲ್ಲವೆಂದು ಹೊಳೆಯಿತು. ಮಂತ್ರವೇನಾದರೂ ಹೇಳಬೇಕೆನಿಸಿತು.

“ಸುಮ್ನಿರವ್ವಾ, ಆತು, ಆತು,” ಎಂದಷ್ಟೇ ಬಾಯಿಗೆ ಬಂತು.

ಹಸನಬ್ಬ ಚೂರಿಯಿಂದ ದಾರ ಕೊಯ್ದ. “ಖಲಾಸ್, ಬಿಡಿ!” ಹಕ್ಕಿ ಚಾದರದ ಮೇಲೆ ಹಿಕ್ಕೆ ಹಾಕಿ ಹಾರಿಹೋಯಿತು.

ಮನೆಯಲ್ಲಿ ಶೀತಲ್ ಬೆರಳಿಗೆ ಔಷಧ ಹಚ್ಚುತ್ತ, “ಏನ್ ಸಿಕ್ತು ಕಡೀಗೆ?” ಎಂದಳು.

“ಗೊತ್ತಿಲ್ಲ. ನಗಬ್ಯಾಡ ನೋಡು, ಅಳು ಬಂತು ನನಗ.”

ಅವಳು ನಗಲಿಲ್ಲ. ಮುಂದಿನ ಶುಕ್ರವಾರ ಅವಳೂ ಜೊತೆಗೆ ಬಂದಳು. ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಗಾಳದ ದಾರಗಳನ್ನು ಇಬ್ಬರೂ ಹೆಕ್ಕಿದರು. ಅರ್ಧದಲ್ಲೇ ಬಸವಂತನ ಸೊಂಟ ಹಿಡಿಯಿತು. ಏಳಲಾಗದೆ ಬಗ್ಗಿಯೇ ನಿಂತಿದ್ದಾಗ ಪುಟ್ಟ ಏಡಿಯೊಂದು ಬಿಲದಿಂದ ಮರಳನ್ನು ಉಂಡೆ ಕಟ್ಟಿ ಹೊರಗೆ ತಳ್ಳುತ್ತಿರುವುದು ಕಂಡಿತು. ಶೀತಲಳನ್ನು ಪಿಸುದನಿಯಲ್ಲಿ ಕರೆದ. ನೀರು ಬಂದು ಪಾದ ನೆನೆಯುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಉಳಿದರು.