ವಿಳಾಸ ಅಪೂರ್ಣ

ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಆ ಕಳ್ಳನ ಮೇಲೂ ಬಂದಿಲ್ಲ. ಅವನು ಕಳ್ಳ, ಕದ್ದ. ನಾನು ಜಾಣೆ ಅನ್ನಿಸಿಕೊಂಡವಳು. ಬಸವಕಲ್ಯಾಣದ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಪೂನಂ ಎಂದರೆ ಕೊಹಿನೂರ ಹಳ್ಳಿಯ ನಮ್ಮ ಓಣಿಗೆ ಅರ್ಧ ತಹಸೀಲ್ದಾರ್ ಇದ್ದ ಹಾಗೆ.

ಓಣಿಯ ಹದಿನಾಲ್ಕು ಮನೆಗೂ ಆನ್‌ಲೈನಿನಲ್ಲಿ ಸಾಮಾನು ತರಿಸುವುದು ನಾನೊಬ್ಬಳೇ. ಒಂದೇ ಇಮೇಲ್, ಒಂದೇ ಕಾರ್ಡ್. ಒಬ್ಬರಿಗೆ ಕುಕ್ಕರಿನ ರಬ್ಬರು, ಇನ್ನೊಬ್ಬರಿಗೆ ಮಗುವಿನ ಸ್ವೆಟರು, ದೇವಿದಾಸ ಕಾಕಾನಿಗೆ ಮೊಣಕಾಲಿಗೆ ಕಟ್ಟುವ ಪಟ್ಟಿ. ಯಾರದು ಬಂತು, ಯಾರದು ಬರಬೇಕು ಎಂಬುದು ಎಷ್ಟೋ ಸಲ ನನಗೇ ನೆನಪಿರುವುದಿಲ್ಲ. ಕೊರಿಯರಿನವರು ಊರೊಳಗೆ ಬರುವುದಿಲ್ಲ. ಹಾಗಾಗಿ ವಿಳಾಸದ ಜಾಗದಲ್ಲಿ 'ಗೌಸ್ ಅವರ ಗಡಿಯಾರದ ಅಂಗಡಿ, ಬಸ್ ಸ್ಟ್ಯಾಂಡ್ ಎದುರು, ಬಸವಕಲ್ಯಾಣ' ಎಂದು ಹಾಕುತ್ತೇನೆ. ಮನೆ ನಂಬರಿಲ್ಲ, ಬೀದಿಯ ಹೆಸರಿಲ್ಲ. ತಿಂಗಳಿಗೆ ಎರಡು ಸಲವಾದರೂ ಕೊರಿಯರಿನ ಹುಡುಗರು ಫೋನ್ ಮಾಡಿ, 'ಅಡ್ರೆಸ್ ಪೂರಾ ಇಲ್ರಿ ಮೇಡಂ' ಎನ್ನುತ್ತಾರೆ. ನಮ್ಮ ವಿಳಾಸ ಎಂದೂ ಪೂರಾ ಇದ್ದದ್ದೇ ಇಲ್ಲ.

ಅದೇ ಕಾರ್ಡಿನ ಖಾತೆಯಲ್ಲಿ ಸೋನುಬಾಯಿಯ ದುಡ್ಡೂ ಇತ್ತು. ಸೋನುಬಾಯಿ ನಮ್ಮ ಪಕ್ಕದ ಮನೆಯ ಮುದುಕಿ. ನಾನು ಆಯಿ ಅನ್ನುತ್ತೇನೆ. ಹೆಸರಿಗೊಂದು ಬ್ಯಾಂಕ್ ಖಾತೆ ಅವಳಿಗೂ ಇದೆ. ಆದರೆ ನಲವತ್ತು ವರ್ಷ ಕಳೆ ಕಿತ್ತು, ಕಬ್ಬು ಕಡಿದು ಅವಳ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಹೆಬ್ಬೆಟ್ಟು ಒತ್ತಿದರೆ ಮಷೀನು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. "ಆ ಡಬ್ಬಿಗಿ ನಾ ಯಾರಂತ ಗೊತ್ತಾಗಂಗಿಲ್ಲ. ನಿನಗ ಗೊತ್ತದ. ನಿನ್ನ ಹತ್ರೇ ಇರ್ಲಿ" ಎಂದು ಮೂರು ವರ್ಷದಿಂದ ಕೂಲಿಯಲ್ಲಿ ಉಳಿದದ್ದನ್ನು, ಎರಡು ಆಡು ಮಾರಿದ್ದನ್ನು ನನ್ನ ಕೈಗೇ ಹಾಕುತ್ತಿದ್ದಳು. ಅದೆಲ್ಲ ಒಂದು ಎಮ್ಮೆಗಾಗಿ. ಜೀವನವಿಡೀ ಬೇರೆಯವರ ದನದ ಸೆಗಣಿ ಬಳಿದವಳಿಗೆ ತನ್ನದೂ ಒಂದು ಬಾಗಿಲಲ್ಲಿ ನಿಲ್ಲಬೇಕೆಂಬ ಹಟ.

ಕೊಡಂಬಲದ ಕಸ್ತೂರಿಬಾಯಿ ಎಂಬ ಹೊಲಮನೆಯವರ ಹತ್ತಿರ ಎಮ್ಮೆ ನೋಡಿ ಮಾತಾಗಿತ್ತು. ನನ್ನ ಖಾತೆ ಇರುವುದು ಹುಮನಾಬಾದಿನ ಶಾಖೆಯಲ್ಲಿ, ಅಲ್ಲಿ ಕಾಲೇಜು ಓದುವಾಗ ತೆಗೆಸಿದ್ದು. ಆ ಸೋಮವಾರ ಬೆಳಿಗ್ಗೆ ಹುಮನಾಬಾದಿನಲ್ಲಿ ದುಡ್ಡು ತೆಗೆದು, ಅಲ್ಲಿಂದ ಕೊಡಂಬಲಕ್ಕೆ ಹೋಗಿ ಎಮ್ಮೆ ತರುವುದು ಎಂದು ನಾವಿಬ್ಬರೂ ಹೊರಟೆವು.

ಬಸವಕಲ್ಯಾಣದಲ್ಲಿ ಬಸ್ ಬದಲಿಸಿ, ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಂಡು ಕುಳಿತೆವು. ಆಯಿ ಎಮ್ಮೆಯ ಮಾತು ಬಿಟ್ಟರೆ ಬೇರೆ ಮಾತೇ ಆಡಲೊಲ್ಲಳು.

"ಬ್ಯಾಸಿಗ್ಯಾಗ ಅದಕ್ಕ ಗೋಣಿ ತಟ್ಟಿನ ನೆಳ್ಳ ಸಾಕಾಗ್ತದೇನು?"

"ಸಾಕಾಗ್ತದ ಆಯಿ."

"ದಿನಾ ಒಂದ್ ಲೀಟರ್ ನಿಮ್ಮ ಮನಿಗಿ. ರೊಕ್ಕ ಕೊಡ್ತೀನಂದ್ರ ನೋಡು ಮತ್ತ!"

ಬಂಗ್ಲಾ ಕ್ರಾಸ್ ದಾಟಿ ಹೆದ್ದಾರಿಗೆ ಬರುವಾಗ ಫೋನ್ ಟಿಣ್ ಎಂದಿತು. ಇಮೇಲ್. ನಾವು ಸಾಮಾನು ತರಿಸುವ ಕಂಪನಿಯದೇ ಬಣ್ಣ, ಅದೇ ಗುರುತು. 'ನಿಮ್ಮ ಪಾರ್ಸಲ್ ತಲುಪಿಸಲು ಆಗಲಿಲ್ಲ. ವಿಳಾಸ ಅಪೂರ್ಣ. ಇವತ್ತು ಹನ್ನೆರಡರೊಳಗೆ ಸರಿಪಡಿಸದಿದ್ದರೆ ವಾಪಸ್ ಹೋಗುತ್ತದೆ. ಶುಲ್ಕ ಐದು ರೂಪಾಯಿ.' ಕೆಳಗೆ ಒತ್ತಲು ಒಂದು ನೀಲಿ ಗುಂಡಿ.

ಇಂಥದ್ದನ್ನು ಗುರುತಿಸುವುದು ಹೇಗೆಂದು ಹೋದ ತಿಂಗಳು ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದವಳು ನಾನೇ. ಯಾರು ಕಳಿಸಿದ್ದಾರೆಂದು ಅವರ ಪೂರ್ತಿ ಇಮೇಲ್ ವಿಳಾಸ ನೋಡಿರಿ. ಅವಸರ ಮಾಡಿದರೆಂದರೆ ಮೋಸ ಎಂದೇ ತಿಳಿಯಿರಿ. ಬಂದ ಲಿಂಕ್ ಒತ್ತಬೇಡಿರಿ, ಆಪ್ ನೀವೇ ತೆರೆದು ನೋಡಿರಿ. ಓಟಿಪಿ ಬಂದರೆ ಯಾವುದಕ್ಕೆ, ಎಷ್ಟಕ್ಕೆ ಎಂದು ಓದಿರಿ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನೀವು ಲಾಟರಿ ಗೆದ್ದಿದ್ದೀರಿ ಎಂದಿದ್ದರೆ ನಕ್ಕು ಅಳಿಸುತ್ತಿದ್ದೆ. ಆದರೆ ವಿಳಾಸ ಅಪೂರ್ಣ ಎಂದರೆ ನಾನು ಹೇಗೆ ಇಲ್ಲವೆನ್ನಲಿ? ನಾನೇನೂ ತರಿಸಿಲ್ಲ ಎಂದು ಒಂದೇ ಮನೆಗೆ ತರಿಸುವವರು ಹೇಳಬಹುದು. ಹದಿನಾಲ್ಕು ಮನೆಯ ಸಾಮಾನು ಹೊತ್ತವಳಿಗೆ ಯಾವುದೋ ಒಂದು ದಾರಿಯಲ್ಲಿ ಇದ್ದೇ ಇರುತ್ತದೆ. ದೇವಿದಾಸ ಕಾಕಾನ ಮೊಣಕಾಲಿನ ಪಟ್ಟಿಯೇ ಇರಬೇಕು, ಪಾಪ, ನಡೆಯಲಾರದೆ ಒದ್ದಾಡುತ್ತಿದ್ದಾನೆ ಅಂದುಕೊಂಡೆ. ಗುಂಡಿ ಒತ್ತಿದೆ. ಕಾರ್ಡಿನ ನಂಬರ್ ಹಾಕಿದೆ. ಬಸ್ಸು ಕುಲುಕುತ್ತಿತ್ತು, ಆಯಿ ಎಮ್ಮೆಗೆ ಹಾಕುವ ಹಿಂಡಿ ಎಲ್ಲಿ ಸೋವಿ ಎಂದು ಕೇಳುತ್ತಿದ್ದಳು. ಓಟಿಪಿ ಬಂತು. ಕೀಬೋರ್ಡಿನ ಮೇಲೆ ಆರು ಅಂಕಿ ತಾನಾಗಿಯೇ ಕಾಣಿಸಿತು, ಬೆರಳು ತಾನಾಗಿಯೇ ಒತ್ತಿತು. ಮೆಸೇಜ್ ತೆರೆದು ಓದಲೇ ಇಲ್ಲ.

ಮರುಕ್ಷಣ ಇನ್ನೊಂದು ಮೆಸೇಜ್ ಬಂತು. ಐದು ರೂಪಾಯಿಯಲ್ಲ. ಐವತ್ತೆಂಟು ಸಾವಿರ.

ಬ್ಯಾಂಕಿನ ನಂಬರಿಗೆ ಹಚ್ಚಿದೆ. ಕನ್ನಡಕ್ಕೆ ಎರಡು ಒತ್ತಿ, ಕಾರ್ಡಿಗೆ ಮೂರು ಒತ್ತಿ ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ರಾಜೇಶ್ವರ ಎಂಬ ಊರು ಬರುವವರೆಗೆ ಒಂದು ಗೆರೆಯೂ ಮೂಡಲಿಲ್ಲ. ಫೋನನ್ನು ಕಿಟಕಿಯ ಹೊರಗೆ ಹಿಡಿದೆ, ಎದ್ದು ನಿಂತೆ, ಬಾಗಿಲ ಹತ್ತಿರ ಹೋದೆ. "ಬೀಳ್ತೀರಿ, ಒಳಗ ಬರ್ರಿ ಅಕ್ಕೋರ" ಎಂದು ಕಂಡಕ್ಟರ್ ಗದರಿದ. ಆಯಿ ಕಂಗಾಲಾಗಿ ನೋಡುತ್ತಿದ್ದಳು.

"ಏನಾಯ್ತು ಬೇಟಿ? ಹೊಟ್ಟಿ ತೊಳಸಾಕತ್ತದೇನು?"

"ಇಲ್ಲ ಆಯಿ. ಸುಮ್ಮ ಕೂಡು."

ರಾಜೇಶ್ವರದಲ್ಲಿ ಸಿಗ್ನಲ್ ಬಂದೊಡನೆ ಮೊದಲು ಬಂದದ್ದು ಗೌಸ್ ಚಾಚಾನ ಫೋನ್. "ಪೂನಂ ಬೇಟಾ, ಮೊಣಕಾಲಿನ ಪಟ್ಟಿ ಬಂದದ. ತಗೊಂಡ್ ಇಟ್ಟೀನಿ." ಸರಿ ಎಂದು ಇಟ್ಟೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಡ್ ಬಂದ್ ಮಾಡಿಸಿದೆ. ಸೈಬರ್ ಮೋಸದ ದೂರು ಕೇಳುವ 1930ಕ್ಕೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ ಒಂದು ದೂರಿನ ನಂಬರ್ ಕೊಟ್ಟರು. ಅಷ್ಟು ಹೊತ್ತೂ ಆಯಿ ಪಕ್ಕದಲ್ಲೇ ಇದ್ದಳು. ಓಟಿಪಿ, ಲಿಂಕ್ ಎಂಬ ಮಾತೆಲ್ಲ ಅವಳಿಗೆ ತಿಳಿಯದು, ಆದರೆ ನನ್ನ ಮುಖ ಓದಲು ಬರುತ್ತದೆ. ಎಮ್ಮೆಯ ಮಾತು ನಿಲ್ಲಿಸಿದ್ದಳು.

ಹುಮನಾಬಾದಿನಲ್ಲಿ ಇಳಿದ ಮೇಲೆ, ಬ್ಯಾಂಕಿನ ದಾರಿಯಲ್ಲಿ ಹೇಳಿದೆ. ಹೇಗೆ ಹೇಳಿದೆನೋ ನನಗೆ ಗೊತ್ತಿಲ್ಲ. ಅವಳು ನಡುವೆ ಒಂದೇ ಪ್ರಶ್ನೆ ಕೇಳಿದಳು.

"ಎಲ್ಲಾನೂ?"

"ಎಲ್ಲಾನೂ ಆಯಿ."

ಬ್ಯಾಂಕಿನ ಕೌಂಟರಿನವರು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದರು. ದುಡ್ಡು ನನ್ನ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆಲ್ಲಿಗೋ ಹೋಗಿಯಾಗಿತ್ತು. "ಓಟಿಪಿ ನೀವೇ ಹಾಕೀರಿ. ಅರ್ಜಿ ಕೊಡ್ರಿ, ಕಳಸ್ತೀವಿ. ಸಿಕ್ಕರ ನಿಮ್ಮ ನಸೀಬ" ಎಂದರು. ಓದಿದವರೇ ಹಿಂಗ ಮಾಡಿದರ ಹ್ಯಾಂಗ್ರಿ ಎಂದೂ ಕೇಳಿದರು.

ಅರ್ಜಿ ಬರೆಯಲು ಕೂತೆ. ಹಣ ಕಳೆದುಕೊಂಡವರ ಹೆಸರು ಎಂಬ ಜಾಗ ಬಂತು. ಆಯಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ನನ್ನ ಹೆಸರು ಬರದೀ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಇಲ್ಲ ಆಯಿ. ಖಾತೆ ನನ್ನ ಹೆಸರಿಲೆ ಅದ. ಅದಕ ನಂದೇ ಬರೀಬೇಕಂತ."

"ಅಂದ್ರ ರೊಕ್ಕ ನಿಂದು ಹೋಗ್ಯಾದಂತ ಆಯ್ತು," ಎಂದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲು ಕೇಳಿದಂತೆ ಅಂದಳು. ಆ ಕ್ಷಣ ಅವಳು ನನ್ನ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಸವೆದ ಬೆರಳನ್ನು ಮಷೀನು ಗುರುತಿಸಲಿಲ್ಲ, ಈಗ ಕಾಗದವೂ ಗುರುತಿಸಲಿಲ್ಲ. ಗುರುತಿಸಿದವಳು ನಾನೊಬ್ಬಳು, ನಾನೇ ಕಳೆದೆ.

"ನಾ ದುಡದು ಕೊಡ್ತೀನಿ ಆಯಿ. ತಿಂಗಳಾ ತಿಂಗಳಾ ಕೊಡ್ತೀನಿ."

"ಹ್ಞಾಂ" ಎಂದಳು. ಝೆರಾಕ್ಸ್ ಅಂಗಡಿಯ ಸಂಬಳ ಎಷ್ಟೆಂದು ಅವಳಿಗೂ ಗೊತ್ತು. ಅವಳ ವಯಸ್ಸೆಷ್ಟೆಂದು ನನಗೂ ಗೊತ್ತು.

ಹೊರಗೆ ಬಂದು ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತೆವು. ಹನ್ನೊಂದು ದಾಟಿತ್ತು. ಆಗ ಕಸ್ತೂರಿಬಾಯಿಯ ಫೋನ್ ಬಂತು. ಎತ್ತುವ ಧೈರ್ಯ ನನಗಾಗಲಿಲ್ಲ. ಆಯಿ ತಾನೇ ಕೈ ಚಾಚಿದಳು. ಕಸ್ತೂರಿಬಾಯಿಯ ಗಂಟಲು ದೊಡ್ಡದು, ನನಗೂ ಕೇಳುತ್ತಿತ್ತು.

"ಎಲ್ಲಿಗಿ ಬಂದೀರಿ ಸೋನುಬಾಯಿ? ಕೊಳ್ಳೋರು ತಮ್ಮ ಕೈಲೇ ಹಿಂಡಿ ನೋಡ್ಬೇಕಂತ ಮುಂಜಾನಿಂದ ಹಿಂಡಿಲ್ಲ ನಾ. ಕರಾನೂ ಬಿಟ್ಟಿಲ್ಲ. ಕೆಚ್ಚಲ ಬಿಗದು ಒಂದೇ ಸಮ ಒದರಾಕತ್ತದ. ಲಗು ಬರ್ರಿ."

ಅವರ ಮಾತಿನ ಹಿಂದೆ ಎಮ್ಮೆ ಒದರುವುದು ಕೇಳಿಸಿತು. ಆಯಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಹಿಂಡಕೊಳ್ರಿ ಬಾಯಿಯೋರ" ಎಂದಳು. "ಮೂಕ ಜೀವ ಅದ, ಎಷ್ಟೊತ್ತಂತ ತಡಕೋತದ. ನಾವು ಬರಂಗಿಲ್ಲ."