ಆಷಾಢದಲ್ಲಿ ಕಾರಿಗೆ ಬಾಲ ಬಂದದ್ದು

ಮದುವೆಯಾದ ಮೊದಲ ಆಷಾಢಕ್ಕೆ ನನ್ನನ್ನು ತವರಿಗೆ ಕಳಿಸಿದರು. ಎಲ್ಲರ ಮನೆಯಲ್ಲೂ ಇದ್ದದ್ದೇ. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಹೊಸ ಅಳಿಯ ಅತ್ತೆಮನೆಯ ಕಡೆ ತಲೆ ಹಾಕಬಾರದು. ಹೆಸರಿಗೆ ಶಾಸ್ತ್ರ. ಹೊಸ ಗಂಡಹೆಂಡಿರ ಹೊಟ್ಟೆ ಉರಿಸುವುದಕ್ಕೇ ಯಾರೋ ಮಾಡಿಟ್ಟದ್ದು ಎಂದು ನನಗೆ ಆವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ನನ್ನ ಗಂಡನ ಹೆಸರು ಲೋಕೇಶ್. ಊರು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ, ಕೆಲಸ ಬಿಡದಿಯ ಒಂದು ಕಾರ್ಖಾನೆಯಲ್ಲಿ. ನನ್ನ ತವರು ಕನಕಪುರದಾಚೆಯ ಕೋಡಿಹಳ್ಳಿ. ಅವರೇ ತಮ್ಮ ಹಳೆಯ ಮಾರುತಿ ಕಾರಿನಲ್ಲಿ ನನ್ನನ್ನು ತಂದು ಬಿಟ್ಟರು. ಇಳಿಯುವಾಗ ಅಳು ನುಗ್ಗಿ ಬರುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಸುಮ್ಮನೆ ಕೆಣಕಿದೆ.

"ನಿಮ್ ಕಾರು ಪೆಟ್ರೋಲ್ ಕುಡಿಯೋದು ನೋಡುದ್ರೆ, ಇನ್ಮೇಲೆ ನನ್ನ ತವ್ರಿಗೆ ಕರ್ಕಂಬರೋದು ವರ್ಸಕ್ಕೆ ಒಂದ್ಸಲಾನೇ ಕಣ್ರೀ."

ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಗಲಿಲ್ಲ. "ಆಷಾಢ ಕಳೀಲಿ, ನೋಡೀಯಂತೆ. ವಾರ ವಾರ ಕರ್ಕಬತ್ತೀನಿ," ಅಂದು ಗಾಡಿ ತಿರುಗಿಸಿಕೊಂಡು ಹೋದರು.

ಆಮೇಲೆ ಶುರುವಾಯಿತು ಗಾಳಿಯ ಪುರಾಣ. ದಿನಾ ಸಂಜೆ ಫೋನು ಬರುತ್ತಿತ್ತು. "ಊಟ ಆಯ್ತಾ?" ಎಂದು ಒಂದು ಮಾತು, ಅದಾದ ಮೇಲೆ ಬರೀ ಗಾಳಿ.

"ಗಾಡಿ ಮುಂದಕ್ಕೆ ಓಯ್ತಿದ್ರೆ ಗಾಳಿ ಹಿಂದ್ಗಡೆ ಸುಳಿ ಹಾಕ್ಕಂಡು ವಾಪಸ್ ಎಳೀತದೆ ಕಣಮ್ಮಿ. ಪೆಟ್ರೋಲೆಲ್ಲ ಅದ್ರ ಜೊತೆ ಜಗ್ಗಾಡೋಕೇ ಓಯ್ತದೆ. ಹಿಂದ್ಗಡೆ ಚೂಪಾಗಿ ಒಂದು ಬಾಲ ಕಟ್ಬುಟ್ರೆ ಸುಳೀನೇ ಏಳಾಕಿಲ್ಲ."

"ಹೂಂ," ಅಂದೆ.

ರಾಮನಗರದಲ್ಲಿ ಟಿಂಕರಿಂಗ್ ಅಂಗಡಿ ಇಟ್ಟಿರುವ ನಜೀರಣ್ಣ ಇವರ ಗೆಳೆಯ. ಬೇಡ ಎನ್ನಬೇಕಾದ ಮನುಷ್ಯ, ತಾನೇ ತಾಳ ಹಾಕಿದ. ತಿಪ್ಪಸಂದ್ರದ ಮನೆಯ ಅಟ್ಟದಲ್ಲಿ ಚಂದ್ರಿಕೆಗಳು ಬಿದ್ದಿದ್ದವು. ರೇಷ್ಮೆಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳು. ಅವನ್ನು ಬಗ್ಗಿಸಿ, ಕಟ್ಟಿ, ಕಾರಿಗೆ ಬಾಲ ಮಾಡಿದರು. ಮೇಲೆ ಹೊದಿಸಿದ್ದು ನಮ್ಮ ಮದುವೆಯ ಫ್ಲೆಕ್ಸು. ಛತ್ರದ ಬಾಗಿಲಲ್ಲಿ ನಾವಿಬ್ಬರೂ ಕೈ ಮುಗಿದು ನಿಂತಿದ್ದೆವಲ್ಲ, ಅದೇ.

"ಮಕ ಒಳೀಕೆ ಮಾಡಿವ್ನಿ. ನೀನು ಮಳೇಲಿ ನೆನೀಬಾರ್ದಲ್ಲ," ಅಂದರು.

ಇಡೀ ತಿಂಗಳಲ್ಲಿ ಅವರ ಬಾಯಿಂದ ಬಂದ ಸರಸದ ಮಾತು ಅದೊಂದೇ. ನಾನು ಅದನ್ನೇ ಎರಡು ದಿನ ನೆನೆದುಕೊಂಡು ಓಡಾಡಿದೆ. ಮೂರನೆಯ ದಿನ, ಚಕ್ರಗಳ ತೂತಿನಲ್ಲಿ ಗಾಳಿ ನುಗ್ಗದಿರಲೆಂದು ಮದುವೆಗೆ ಮುಯ್ಯಿ ಬಂದ ಸ್ಟೀಲ್ ತಟ್ಟೆಗಳನ್ನು ಬಿಗಿದಿದ್ದೇನೆ ಎಂದರು. ನನ್ನ ಸೋದರಮಾವ ಬಸವಯ್ಯ ತಮ್ಮ ಹೆಸರು ಕೆತ್ತಿಸಿ ಕೊಟ್ಟ ತಟ್ಟೆ ಮಾಗಡಿ ರಸ್ತೆಯಲ್ಲಿ ಗಿರಗಿರ ಸುತ್ತತೊಡಗಿತು.

"ಇವತ್ತು ಲೀಟ್ರಿಗೆ ಒಂದು ಕಿಲೋಮೀಟ್ರು ಜಾಸ್ತಿ ಬಂತು," ಎಂದು ಒಂದು ದಿನ ಕುಣಿಯುತ್ತಿದ್ದರು. ಮಾರನೆಯ ದಿನ, "ಎದುರುಗಾಳಿ ಕಣಮ್ಮಿ, ಎಲ್ಲಾ ಎಕ್ಕುಟ್ಟೋಯ್ತು," ಎಂದು ಸಪ್ಪೆ ದನಿ. ಆಷಾಢದಲ್ಲಿ ಗಾಳಿಯ ಲೆಕ್ಕ ಹಾಕಲು ಹೊರಟ ಪುಣ್ಯಾತ್ಮ ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು. ಇನ್ನೊಂದು ದಿನ ಹೊಸ ಸಂಗತಿ ಕಂಡುಹಿಡಿದಿದ್ದರು. ಬಸ್ಸೋ ಲಾರಿಯೋ ಮುಂದೆ ಹೋಗುತ್ತಿದ್ದರೆ ಅದರ ಮರೆಯಲ್ಲಿ ಗಾಳಿಯೇ ಇರುವುದಿಲ್ಲವಂತೆ, ಮೈಲೇಜು ಎಲ್ಲಿಗೋ ಹೋಗುತ್ತದಂತೆ.

ಒಂದು ಭಾನುವಾರ ಕಾರು ಓಡಿಸಿ ನೋಡಲು ಕನಕಪುರದವರೆಗೂ ಬಂದು ತಿರುಗಿ ಹೋದರು. ನನಗೆ ತಿಳಿದದ್ದು ಸಂಜೆ.

"ಅಲ್ಲೀಗಂಟ ಬಂದೋರು ಒಂದು ಫೋನ್ ಮಾಡಿದ್ರೆ ನಾನೇ ಬಸ್ ಹತ್ಕಂಡು ಬರ್ತಿರ್ಲಿಲ್ವಾ?"

"ಆಷಾಢ ಅಲ್ವಾ? ನಿಮ್ಮವ್ವ ಬೇಜಾರು ಮಾಡ್ಕತ್ತದೆ."

ಫೋನು ಇಟ್ಟು ಜಗಲಿಯ ಮೇಲೆ ಕೂತೆ. ತೆಂಗಿನ ಗರಿಗಳು ಕಿತ್ತುಹೋಗುವ ಹಾಗೆ ಗಾಳಿ ಬೀಸುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ ಮಾತು. ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ ಎಂದು ಅವರು ಹೇಳಬೇಕಿತ್ತು. ಹೇಳದ ಮನುಷ್ಯನ ಮೇಲೆ ಕೋಪ ಮಾಡಿಕೊಂಡೇ, ರಸ್ತೆಯಲ್ಲಿ ಕಾರಿನ ಸದ್ದಾದಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದೆ.

ಶ್ರಾವಣದ ಮೊದಲ ದಿನ ಬೆಳಗ್ಗೆಯೇ ಬಂದುಬಿಟ್ಟರು. ಮುಂದೆ ಮಾರುತಿ, ಹಿಂದೆ ಮೀನು. ನಮ್ಮ ಬೀದಿಯ ಮಕ್ಕಳೆಲ್ಲ ಬಾಲ ಮುಟ್ಟಿ ನೋಡಲು ಮುಗಿಬಿದ್ದರು. ನಾನು ಬಾಲ ನೋಡಲಿಲ್ಲ. ಅವರು ಸೊರಗಿದ್ದರು. ಅಂಗಿಯ ಗುಂಡಿ ಒಂದು ಹೋಗಿತ್ತು. ಎಲ್ಲರೂ ಸುತ್ತ ನಿಂತಿದ್ದರಿಂದ, "ಚೆನ್ನಾಗಿದೀರಾ?" ಎಂದಷ್ಟೇ ಕೇಳಿದೆ.

ಊಟವಾಯಿತು. ಅವ್ವ ನನಗೆ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ತೆಂಗಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಹೊಸ್ತಿಲು ದಾಟಿ ಕಾರಿನ ಎಡಗಡೆಗೆ ಹೋದೆ. ಬಾಗಿಲಿಗೆ ಹಿಡಿಯೇ ಇರಲಿಲ್ಲ. ಸಂದಿಗೆಲ್ಲ ಪುಟ್ಟಿ ಮೆತ್ತಿ ಟೇಪು ಅಂಟಿಸಿದ್ದರು. ಗಾಜಿನಲ್ಲಿ ಇಣುಕಿದೆ. ಒಳಗೆ ಸೀಟೂ ಇರಲಿಲ್ಲ. ಹಿಂದಿನ ಸೀಟಿನ ಜಾಗದ ತುಂಬಾ ಬಾಲವನ್ನು ಹಿಡಿದು ನಿಲ್ಲಿಸಿದ ಬಿದಿರಿನ ಗಳುಗಳು.

"ನಾನೆಲ್ಲಿ ಕೂತ್ಕಳ್ಳೋದು?"

ಅವರು ಕಾರು ನೋಡಿದರು, ನನ್ನನ್ನು ನೋಡಿದರು.

"ತೂಕ ಕಮ್ಮಿ ಆಗ್ಲಿ ಅಂತ ಬಿಚ್ಚಿದ್ದೆ. ನಾನೊಬ್ನೇ ತಾನೇ ಓಡಾಡ್ತಿದ್ದಿದ್ದು... ಸೀಟು ನಜೀರನ ಅಂಗಡೀಲೈತೆ. ಹಾಕಿಸ್ಕಂಡೇ ಬರ್ಬೇಕು ಅಂತಿದ್ದೆ. ಬೆಳಿಗ್ಗೆ ಎದ್ದೇಟ್ಗೆ ಬಂದ್ಬುಟ್ಟೆ."

ಒಂದು ತಿಂಗಳು ಕೂತು ಕಾರನ್ನು ಒಬ್ಬನ ಅಳತೆಗೆ ಹೊಲಿದುಕೊಂಡು ಬಂದಿದ್ದರು. ಅಷ್ಟು ಜನರ ಮುಂದೆ ನನಗೆ ಕಣ್ಣಲ್ಲಿ ನೀರು ತುಂಬಿತು. ಮನೆಯೊಳಗೆ ಹೋಗಿ ಕದ ಹಾಕಿಕೊಳ್ಳೋಣ ಎಂದು ತಿರುಗಿದರೆ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಮಡ್ಲು ತುಂಬುಸ್ಕಂಡು ಹೊಸ್ಲು ದಾಟಿದ್ ಮ್ಯಾಕೆ ತಿರುಗ್ ಬರಬಾರ್ದು ಕಣವ್ವಾ. ಅಗೋ, ಬಸ್ ಬತ್ತೈತೆ. ಓಗು."

ಹತ್ತಿದೆ. ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಇವರ ಬಾಲ, ತಟ್ಟೆ, ಸಾಹಸವೆಲ್ಲ ಅಲ್ಲಿಗೆ ಬಿಟ್ಟಿಯಾಯಿತು ಎಂದು ಹಲ್ಲು ಕಡಿದೆ. ಮುಂದೆ ಹೆಂಗಸರ ಸೀಟು ಖಾಲಿ ಇತ್ತು. ಆದರೂ ಕೊನೆಯ ಸೀಟಿಗೆ ಹೋಗಿ ಹಿಂದಿನ ಗಾಜಿಗೆ ಮುಖ ಮಾಡಿ ಕೂತೆ. ಯಾಕೆಂದು ಕೇಳಬೇಡಿ.

ಕಾರು ಹಿಂದೆಯೇ ಇತ್ತು. ಬಸ್ಸು ನಿಂತಲ್ಲಿ ನಿಲ್ಲುತ್ತಿತ್ತು, ಹೊರಟರೆ ಹೊರಡುತ್ತಿತ್ತು. ಬೇರೆ ಗಾಡಿಗಳೆಲ್ಲ ಹಾರನ್ ಹೊಡೆದು ಮುಂದೆ ಹೋದವು, ಇವರು ಹೋಗಲಿಲ್ಲ. ಒಂದು ತಿಂಗಳಿಂದ ನೋಡಬೇಕೆಂದು ಹಂಬಲಿಸಿದ ಮುಖ ಅಷ್ಟು ಹತ್ತಿರದಲ್ಲಿತ್ತು. ನಡುವೆ ಎರಡು ಗಾಜು. ಬಸ್ಸಿನ ಮರೆ ಸಿಕ್ಕಿತಲ್ಲ, ಮೈಲೇಜಿಗೆಂದು ಅಂಟಿಕೊಂಡಿದ್ದಾರೆ ಎಂದು ಹೊಳೆದಾಗ ಸಿಟ್ಟು ನೆತ್ತಿಗೇರಿತು. ಆದರೂ ಕಣ್ಣು ಕೀಳಲಾಗಲಿಲ್ಲ. ತೀರಾ ಹತ್ತಿರ ಬಂದಾಗ, ಹಿಂದೆ ಸರಿಯಿರಿ ಎಂದು ಕೈ ಮಾಡಿದೆ. ಸರಿದರು.

ಕನಕಪುರದಲ್ಲಿ ಬಸ್ಸು ಬದಲಿಸಬೇಕು. ಇಳಿದಾಗ ಅವರು ಬಾಗಿಲ ಬಳಿಯೇ ನಿಂತಿದ್ದರು. ನನ್ನ ಕೈಯ ಚೀಲ ತೆಗೆದುಕೊಂಡರು.

"ಎಷ್ಟು ಕೊಡ್ತು?" ಅಂದೆ.

"ಏನು?"

"ಮೈಲೇಜು. ಬಸ್ ಮರೇಲಿ ಬಂದ್ರಲ್ಲ."

ಅವರು ತಲೆ ತಗ್ಗಿಸಿದರು.

"ಮೀಟ್ರು ನೋಡ್ಲಿಲ್ಲ ಕಣಮ್ಮಿ. ಅಲ್ಲಿಂದ ನಿನ್ ಮಕಾನೇ ನೋಡ್ಕಂಡು ಬಂದೆ."

ಸೆರಗಿನಲ್ಲಿದ್ದ ಬೆಲ್ಲದಚ್ಚು ಮುರಿದು ಒಂದು ಚೂರು ಅವರ ಕೈಗೆ ಹಾಕಿದೆ. ರಾಮನಗರದ ಬಸ್ಸು ಹೊರಡಲು ನಿಂತಿತ್ತು. ಹತ್ತಿ, ಅಲ್ಲೂ ಹಿಂದಿನ ಸೀಟನ್ನೇ ಹುಡುಕಿದೆ.